ಪೆಟ್ಟಿಗೆ ಕೂಗದ ಸಂಜೆ

ಮಳೆ ಎಚ್ಚರಿಕೆ ಕೇಂದ್ರಕ್ಕೆ ಹೊಸದಾಗಿ ಸೇರುವವರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಹಳೆಯ ಕಚೇರಿಯವರು ಕೇಳಿದಾಗ ನಾನು ಮೊದಲು ಮಾಡಿದ್ದು ಅಟ್ಟದಿಂದ ಡೈರಿಗಳನ್ನು ಇಳಿಸುವ ಕೆಲಸ. ಎಂ.ಎಸ್ಸಿ. ಓದುವಾಗ ಮೇಷ್ಟರೊಬ್ಬರು ಹೇಳಿಕೊಟ್ಟ ಅಭ್ಯಾಸ ಅದು: ಅಳೆದದ್ದನ್ನು ಅಂದೇ ಬರೆದಿಡಬೇಕು, ನೆನಪಿನ ಮೇಲೆ ಭಾರ ಹಾಕಬಾರದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆ ಬರೆದಿದ್ದೇನೆ. ನನ್ನ ಡೈರಿ ನನ್ನ ತಲೆಗಿಂತ ಪ್ರಾಮಾಣಿಕ ಎಂದು ನಂಬಿಕೊಂಡಿದ್ದೆ.

ಈ ಬರಹಕ್ಕೆ ನಾನು ಆರಿಸಿಕೊಂಡಿದ್ದ ಪಾಠ ಒಂದು ಸಂಜೆಯದು. ಆ ಸಂಜೆ ಒಂದು ತಪ್ಪು ಸಂದೇಶ ಹೋಯಿತು, ಒಂದು ಮನೆಗೆ ನೀರು ನುಗ್ಗಿತು, ನಂಜುಂಡ ಎಂಬ ಗುತ್ತಿಗೆ ಆಪರೇಟರ್ ಕೆಲಸ ಕಳೆದುಕೊಂಡ. ಡೈರಿಯಲ್ಲಿ ಅಂದಿನ ಪುಟದಲ್ಲಿ ಹೀಗಿದೆ: 'ನಂಜುಂಡ ಹಳೆಯ ಸಂದೇಶವನ್ನೇ ತಿದ್ದಿ ಕಳಿಸಿದ. ಹೆಡರ್ ನೋಡಲಿಲ್ಲ.' ಈ ಎರಡು ವಾಕ್ಯಗಳನ್ನು ಇಟ್ಟುಕೊಂಡು ಹೊಸಬರಿಗೆ ಎಚ್ಚರಿಕೆ ಹೇಳಬೇಕೆಂದಿದ್ದೆ. ಈಗ ಬರೆಯುತ್ತಿರುವುದು ಅದಲ್ಲ.

ಮೊದಲು ಕೆಲಸ ಹೇಗಿತ್ತು ಎಂದು ಹೇಳುತ್ತೇನೆ.

ಜಯನಗರದ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಕೇಂದ್ರ. ಒಂದು ಟ್ರಾನ್ಸ್‌ಮಿಟರ್, ಎರಡು ಕಂಪ್ಯೂಟರ್, ಮಾಳಿಗೆಯ ಮೇಲೆ ಆಂಟೆನಾ. ರಾಜಕಾಲುವೆಗಳ ಪಕ್ಕದ ಬೀದಿಗಳಲ್ಲಿ, ಕೆರೆಗಳ ಕೆಳಗಿನ ಬಡಾವಣೆಗಳಲ್ಲಿ ಒಪ್ಪಿದವರ ಮನೆಗೆ ಒಂದೊಂದು ಎಚ್ಚರಿಕೆ ರೇಡಿಯೋ ಹಾಕಿದ್ದೆವು. ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಕರೆಂಟ್ ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ, ಫೋನ್ ಟವರ್ ಬಿದ್ದರೂ ಕೆಲಸ ಮಾಡುತ್ತದೆ. ನಾವು ಸಂದೇಶ ಕಳಿಸಿದಾಗ ಮೊದಲು ಮೂರು ಸಲ 'ಚಿರ್ರ್' ಎಂಬ ಸದ್ದು ಹೋಗುತ್ತದೆ. ಅದೇ ಹೆಡರ್. ಇದು ಪರೀಕ್ಷೆಯೋ ನಿಜವಾದ ಎಚ್ಚರಿಕೆಯೋ, ಯಾವ ಪ್ರದೇಶಕ್ಕೆ ಎಂಬುದು ಆ ಸದ್ದಿನೊಳಗೆ ಸಂಕೇತವಾಗಿ ಇರುತ್ತದೆ. ಮೂರರಲ್ಲಿ ಎರಡಾದರೂ ಒಂದೇ ರೀತಿ ಕೇಳಿಸಿದರೆ ಮಾತ್ರ ಪೆಟ್ಟಿಗೆ ನಂಬುತ್ತದೆ. ನಂಬಿದರೆ ಕೆಂಪು ದೀಪ ಹತ್ತಿ ಸೈರನ್ ಕೂಗುತ್ತದೆ, ಆಮೇಲೆ ನಮ್ಮ ದನಿ ಕೇಳಿಸುತ್ತದೆ.

ಜನ ಅದಕ್ಕೆ ಕೂಗುಮಾರಿ ಎಂದು ಹೆಸರಿಟ್ಟಿದ್ದರು.

ಬಿಟಿಎಂ ಲೇಔಟಿನ ರಾಜಕಾಲುವೆ ಪಕ್ಕದ ಜಯಮ್ಮನವರ ಮನೆಗೆ ಮೊದಲ ಪೆಟ್ಟಿಗೆ ಹಾಕಿದವಳು ನಾನೇ. ಅವರು ಮೂಲದಿಂದ ಅದೇ ಊರಿನವರು. ಹೊಲವಿದ್ದ ಜಾಗದಲ್ಲಿ ಮೂರು ಅಂತಸ್ತು ಕಟ್ಟಿಸಿ ಮೇಲೆ ಪಿ.ಜಿ. ನಡೆಸುತ್ತಿದ್ದರು. ಕೆಳಗೆ ಅವರು, ಮತ್ತು ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅವರ ಅತ್ತೆ. ಆ ವರ್ಷ ಆಯುಧಪೂಜೆಯ ಮರುದಿನ ಹೋದರೆ ಪೆಟ್ಟಿಗೆಗೂ ಕುಂಕುಮ, ಸ್ಪೀಕರ್ ಮೇಲೆ ಸೇವಂತಿಗೆ ಹಾರ.

"ಹೂವು ಸ್ಪೀಕರ್ ಮುಚ್ಚಿಬಿಡುತ್ತೆ ಜಯಮ್ಮ."

"ಮುಚ್ಲಿ ಬಿಡಿ ಮೇಡಂ. ನಮ್ಮತ್ತೆ ಒಬ್ರೇ ಸಾಕು ಈ ಮನೇಲಿ ಕೂಗೋಕೆ."

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಕೇಳುಸ್ತು ಕಣೆ."

ಮಳೆಯ ಅಳತೆ ನಮಗೆ ತಲುಪುತ್ತಿದ್ದುದು ಹ್ಯಾಮ್‌ಗಳಿಂದ. ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋ ನಡೆಸುವವರು, ಸಂಬಳ ಇಲ್ಲ. ಅವರಲ್ಲಿ ಮುಖ್ಯರು ತ್ಯಾಗರಾಜನಗರದ ವೆಂಕಟೇಶಯ್ಯನವರು, ನಿವೃತ್ತ ಗಣಿತ ಅಧ್ಯಾಪಕರು. ಮೊದಮೊದಲು ಅವರು ಕೆರೆ ಏರಿಯ ಮೇಲೆ ಕೊಡೆ ಹಿಡಿದು ನಿಂತು ನೀರಿನ ಮಟ್ಟವನ್ನು ವಾಕಿಟಾಕಿಯಲ್ಲಿ ಓದಿ ಹೇಳುತ್ತಿದ್ದರು. ಮಳೆಯ ಸದ್ದಿನಲ್ಲಿ ಅರ್ಧ ಕೇಳಿಸುತ್ತಿರಲಿಲ್ಲ. ಆಮೇಲೆ ಡಿಜಿಟಲ್ ಮೋಡ್ ತಂತ್ರಾಂಶ ಬಂತು. ಅಕ್ಷರಗಳನ್ನು ಟೈಪ್ ಮಾಡಿದರೆ ಕಂಪ್ಯೂಟರ್ ಅದನ್ನು ಸಿಳ್ಳೆಯಂಥ ಸ್ವರಗಳನ್ನಾಗಿ ಮಾಡುತ್ತದೆ. ಇತ್ತ ನಮ್ಮ ಕಂಪ್ಯೂಟರ್ ಆ ಸ್ವರ ಕೇಳಿ ಮತ್ತೆ ಅಕ್ಷರವಾಗಿಸುತ್ತದೆ. ಪರದೆಯ ಮೇಲೆ ಕಡುನೀಲಿ ಬಣ್ಣ ಮೇಲಿನಿಂದ ಕೆಳಗೆ ಸರಿಯುತ್ತಿರುತ್ತದೆ, ವಾಟರ್‌ಫಾಲ್ ಎನ್ನುತ್ತಾರೆ. ಯಾರಾದರೂ ಕಳಿಸುತ್ತಿದ್ದರೆ ಅದರಲ್ಲಿ ಹಳದಿ ಗೆರೆ ಮೂಡುತ್ತದೆ. ಮನುಷ್ಯನ ಕಿವಿಗೆ ಬರೀ ಗದ್ದಲ ಎನಿಸುವ ಕಡೆ ಆ ಗೆರೆಯಿಂದ ಒಂದೊಂದೇ ಅಕ್ಷರ ಬಿಡಿಸಿಕೊಂಡು ಬರುವುದನ್ನು ನೋಡುತ್ತ ಕೂರುವುದು ನನಗೆ ಕೊನೆಯವರೆಗೂ ಬೇಸರ ತರಲಿಲ್ಲ.

ನಮ್ಮ ಮೇಲಧಿಕಾರಿ ಬಸವರಾಜು ಸಾರ್‌ಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಒಮ್ಮೆ ಅಕ್ಷರಗಳು ಕಲಸಿಕೊಂಡು ಬರುತ್ತಿದ್ದಾಗ ಹಿಂದಿನಿಂದ ಬಂದು, "ಸೌಂಡ್ ಜಾಸ್ತಿ ಮಾಡಿ, ಪಾಪ ಅದಕ್ಕೆ ಕೇಳಿಸ್ತಿಲ್ಲ" ಎಂದರು. ಮಾಡಿದೆ. ಇನ್ನಷ್ಟು ಕಲಸಿಕೊಂಡಿತು. "ಇನ್ನೂ ಜಾಸ್ತಿ ಮಾಡಿ." ಪರದೆ ತುಂಬ ಗೆರೆಗಳಾದವು. ನಂಜುಂಡ ಸದ್ದಿಲ್ಲದೆ ಕೈ ಚಾಚಿ ದನಿಯನ್ನು ಕಾಲುಭಾಗಕ್ಕೆ ಇಳಿಸಿದ. ಅಕ್ಷರಗಳು ಸಾಲಾಗಿ ನಿಂತವು.

"ಕೂಗಿದ್ರೆ ಇದಕ್ಕೆ ಅರ್ಥ ಆಗಲ್ಲ ಸಾರ್," ಎಂದ ನಂಜುಂಡ.

"ನನ್ ಮಗನ್ ಥರಾನೇ" ಎಂದು ಹೇಳಿ ಸಾರ್ ಹೋದರು.

ನಂಜುಂಡ ಹಾಗೆಯೇ. ಡಿಪ್ಲೊಮಾ ಓದಿದವನು, ಕೈ ಚುರುಕು, ಮಾತು ಕಡಿಮೆ. ನನಗಿಂತ ಚೆನ್ನಾಗಿ ಕೆಲಸ ಗೊತ್ತಿತ್ತು. ಈ ವಾಕ್ಯವನ್ನು ನಾನು ಹತ್ತು ವರ್ಷ ಮೊದಲೇ ಯಾವುದಾದರೂ ಕಡತದಲ್ಲಿ ಬರೆಯಬಹುದಿತ್ತು.

ಪ್ರತಿ ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಪರೀಕ್ಷಾ ಸಂದೇಶ. ಎಲ್ಲ ಪೆಟ್ಟಿಗೆಗಳೂ ಒಮ್ಮೆ ಕೂಗಬೇಕು. ಆರು ತಿಂಗಳಲ್ಲಿ ದೂರುಗಳು ಶುರುವಾದವು. ಜೆ.ಪಿ. ನಗರದ ಯೋಗದ ಟೀಚರ್ ಒಬ್ಬರು, ಶವಾಸನದಲ್ಲಿದ್ದವರೆಲ್ಲ ಎದ್ದು ಓಡಿದರು ಎಂದು ಬರೆದಿದ್ದರು. ನಾನೇ ಒಂದು ಉಪಾಯ ಹೂಡಿದೆ: ಹೆಡರಿನಲ್ಲಿ ಪರೀಕ್ಷೆ ಎಂದಿದ್ದರೆ ಪೆಟ್ಟಿಗೆ ಕೂಗುವುದು ಬೇಡ, ಮಾತಾಡುವುದೂ ಬೇಡ, ಹಸಿರು ದೀಪ ಹತ್ತಿದರೆ ಸಾಕು. ಎಲ್ಲರಿಗೂ ಹೇಳಿದೆವು, ಹಸಿರು ಬಂದರೆ ಎಲ್ಲ ಸರಿ ಇದೆ ಎಂದು ಅರ್ಥ. ಆ ಟೀಚರ್ ಮೆಚ್ಚುಗೆಯ ಪತ್ರ ಬರೆದರು. ಅದನ್ನೂ ಡೈರಿಯಲ್ಲಿ ಅಂಟಿಸಿಟ್ಟಿದ್ದೇನೆ.

ಇನ್ನೊಂದು ವಿಷಯ ಹೇಳಬೇಕು, ಇದು ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಸರ್ಕಾರಿ ಕಚೇರಿಯಲ್ಲಿ ಹೊಸ ಪತ್ರ ಎಂಬುದು ಇರುವುದಿಲ್ಲ. ಹೋದ ಸಲದ ಪತ್ರ ತೆಗೆಯುವುದು, ಹೆಸರು ತಾರೀಖು ಬದಲಿಸುವುದು, ಕಳಿಸುವುದು. ಇಪ್ಪತ್ತು ವರ್ಷ ಹಾಗೆ ಪತ್ರ ಬರೆದ ಕೈ ರೇಡಿಯೋ ಸಂದೇಶವನ್ನೂ ಹಾಗೆಯೇ ಬರೆಯುತ್ತದೆ. ಒಳಗಿನ ಮಾತೆಲ್ಲ ಬದಲಾಗುತ್ತದೆ. ಮೇಲಿನ ಹೆಡರ್ ಇನ್ನೊಂದು ಕಿಟಕಿಯಲ್ಲಿ ಇರುತ್ತದೆ, ಅದನ್ನು ಬೇರೆಯಾಗಿ ತೆರೆದು ಬದಲಿಸಬೇಕು.

ಆ ದಿನ ಮಂಗಳವಾರ. ಇದು ಡೈರಿಯಲ್ಲೂ ಇದೆ, ನೆನಪಿನಲ್ಲೂ ಇದೆ, ಕಡತದಲ್ಲೂ ಇದೆ, ಆದ್ದರಿಂದ ನಂಬಬಹುದು. ಮಧ್ಯಾಹ್ನ ನಾಲ್ಕಕ್ಕೆ ಬನಶಂಕರಿ ಕಡೆಯಿಂದ ಕಪ್ಪಾಯಿತು. ನಾಲ್ಕೂವರೆಗೆ ಮಳೆ ಎಷ್ಟು ದಪ್ಪವಾಗಿತ್ತೆಂದರೆ ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ವೆಂಕಟೇಶಯ್ಯನವರು ಕೆರೆ ಏರಿಯಿಂದ ಕಳಿಸಿದ ಮಟ್ಟ ಪರದೆಯ ಮೇಲೆ ಮೂಡಿತು. ಐದು ನಿಮಿಷ ಬಿಟ್ಟು ಮತ್ತೊಂದು ಬಂತು. ಮೂರನೆಯ ಸಲ ಅಂಕಿಯ ಜೊತೆಗೆ ಒಂದು ಸಾಲು: 'ಕೋಡಿ ಬಿದ್ದಿದೆ, ಕಳಿಸಿ.' ಕೆರೆ ತುಂಬಿ ಹೊರಗೆ ಹರಿಯತೊಡಗಿತ್ತು. ಆ ನೀರು ಬಿಟಿಎಂ ಕಾಲುವೆಗೆ ಇಳಿಯಲು ನಲವತ್ತು ನಿಮಿಷ ಬೇಕು. ನಮ್ಮ ಕೈಯಲ್ಲಿದ್ದದ್ದು ಅಷ್ಟೇ.

ಸಂದೇಶ ಹೋಯಿತು. ಸಂದೇಶಗಳು ದಾಖಲಾಗುವ ಲಾಗ್‌ನಲ್ಲಿ 'ಪೂರ್ಣ' ಎಂದು ಬಂತು. ನಾವು ಉಸಿರು ಬಿಟ್ಟೆವು. ಒಬ್ಬರಾದರೂ ಫೋನ್ ಮಾಡಿ ಏನು ಎತ್ತ ಎಂದು ಕೇಳಬೇಕಿತ್ತು. ಯಾರೂ ಮಾಡಲಿಲ್ಲ. ಲೈನ್ ಕೆಟ್ಟಿರಬೇಕು ಎಂದುಕೊಂಡೆವು.

ಜಯಮ್ಮನವರು ಫೋನ್ ಮಾಡಿದ್ದು ಐದೂವರೆಗೆ.

"ಮೇಡಂ, ಮನೆಯೊಳಗೆ ನೀರು. ಮಂಡಿ ತನಕ. ಅತ್ತೆ ಮಂಚ ತೇಲ್ತಾ ಐತೆ."

"ಪೆಟ್ಟಿಗೆ ಕೂಗಲಿಲ್ವಾ?"

"ಇಲ್ಲ ಮೇಡಂ. ಹಸುರು ದೀಪ ಬಂತು. ಇವತ್ತು ಬುಧವಾರ ಅಲ್ವಲ್ಲ ಅಂದ್ಕೊಂಡೆ. ಹಸುರು ಬಂತಲ್ಲ, ಏನೂ ಇಲ್ಲ ಅಂತ ಅಡುಗೆಗಿಟ್ಟೆ."

ಮೇಲಿನ ಪಿ.ಜಿ. ಹುಡುಗರು ಬಂದು ಆ ಮುದುಕಿಯನ್ನು ಮಂಚ ಸಮೇತ ಮೆಟ್ಟಿಲು ಹತ್ತಿಸಿದರು. ಚಳಿಗೆ ಶ್ವಾಸಕೋಶಕ್ಕೆ ಸೋಂಕಾಗಿ ಅತ್ತೆ ಆಸ್ಪತ್ರೆ ಸೇರಿದರು, ಮೂರು ವಾರದ ನಂತರ ಮನೆಗೆ ಬಂದರು, ದನಿ ಮಾತ್ರ ಬರಲಿಲ್ಲ. ಯಾರೂ ಸಾಯಲಿಲ್ಲ ಎಂದು ಕಚೇರಿಯಲ್ಲಿ ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು. ಹೇಳುತ್ತ ಹೇಳುತ್ತ ಅದು ನಮ್ಮ ಸಾಧನೆಯಂತೆ ಕೇಳಿಸತೊಡಗಿತು. ಜಯಮ್ಮನವರು ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತು, ಒರೆಸಿ, ನಮಗೆ ವಾಪಸ್ ಕಳಿಸಿದರು. ಮೂಲೆಯಲ್ಲಿ ಕುಂಕುಮ ಹಾಗೇ ಇತ್ತು.

ವಿಚಾರಣೆ ನಡೆಯಿತು. ಲಾಗ್‌ನಲ್ಲಿ ಒಂದೇ ಸಂದೇಶ: ಒಳಗಿನ ಮಾತು ಎಚ್ಚರಿಕೆಯದು, ಹೆಡರ್ ಪರೀಕ್ಷೆಯದು. ಹಿಂದಿನ ಬುಧವಾರದ ಸಂದೇಶ ತೆಗೆದು ತಿದ್ದಿದ್ದಾರೆ ಎಂಬುದು ಸ್ಪಷ್ಟವಾಗಿತ್ತು. ಲಿಖಿತ ಹೇಳಿಕೆ ಕೊಟ್ಟೆ. ನಂಜುಂಡನ ಗುತ್ತಿಗೆ ಮುಂದುವರಿಯಲಿಲ್ಲ. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು ಡ್ರಾಯರ್ ಕೀಲಿ ಇಟ್ಟ.

"ನೀವು ಹೇಳಿದ್ ಮೇಲೆ ಆಯ್ತು ಬಿಡಿ ಮೇಡಂ" ಎಂದ.

ಅವನು ತಪ್ಪು ಒಪ್ಪಿಕೊಂಡ ಎಂದು ಆ ರಾತ್ರಿ ಬರೆದಿದ್ದೇನೆ.

ಹೊಸಬರಿಗೆ ಕೇಳಿಸಲು ಆ ಸಂದೇಶದ ಸದ್ದು ಸಿಕ್ಕಿದರೆ ಚೆನ್ನ ಎಂದು ಹೋದ ತಿಂಗಳು ವೆಂಕಟೇಶಯ್ಯನವರಿಗೆ ಫೋನ್ ಮಾಡಿದೆ. ಅವರ ಮನೆಯ ರೇಡಿಯೋ ನಮ್ಮ ತರಂಗಾಂತರವನ್ನು ಸದಾ ಕೇಳುತ್ತ ತನ್ನಷ್ಟಕ್ಕೆ ಧ್ವನಿಮುದ್ರಿಸಿಕೊಳ್ಳುತ್ತಿತ್ತು. ಅವರು ಸ್ವಯಂಸೇವಕರು, ಸಿಬ್ಬಂದಿಯಲ್ಲ. ವಿಚಾರಣೆಯಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

"ಎಲ್ಲಾ ಇದೆ ಬನ್ನಿ," ಎಂದರು. "ನಾನು ಯಾವ್ದೂ ತೆಗೆದು ನೋಡಿಲ್ಲ. ನಮ್ಮನೆಯವಳು ಡಿಲೀಟ್ ಮಾಡಿ ಅಂತಾಳೆ, ನಾನು ಆಗಲಿ ಅಂತೀನಿ."

ತ್ಯಾಗರಾಜನಗರದ ಅವರ ಹಾಲ್‌ನಲ್ಲಿ ಬೆಳಗ್ಗೆ ಹತ್ತಕ್ಕೆ ಕೂತೆವು. ಅವರ ಹೆಂಡತಿ ಕಾಫಿ ಕೊಟ್ಟರು. ಆ ಮಂಗಳವಾರದ ಫೈಲು ತೆರೆದುಕೊಂಡಿತು. ನೀಲಿ ಬಣ್ಣ ಕೆಳಗೆ ಸರಿಯತೊಡಗಿತು. ನಾನು ಲಾಗ್‌ನಲ್ಲಿದ್ದ ಸಮಯವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅದಕ್ಕಿಂತ ಮೂರು ನಿಮಿಷ ಮೊದಲೇ ಪರದೆಯ ಮೇಲೆ ಗೆರೆ ಮೂಡಿತು.

"ಇದ್ಯಾವ್ದು?" ಎಂದರು ವೆಂಕಟೇಶಯ್ಯ.

'ಚಿರ್ರ್' ಎಂದು ಒಂದು ಸಲ ಬಂತು. ಎರಡನೆಯದು ಅರ್ಧಕ್ಕೆ ನಿಂತಿತು. ತಂತ್ರಾಂಶ ಆ ಮೊದಲನೆಯದನ್ನು ಬಿಡಿಸಿ ಅಕ್ಷರವಾಗಿಸಿತು. ಪ್ರದೇಶ: ಬಿಟಿಎಂ. ಬಗೆ: ಎಚ್ಚರಿಕೆ. ಪರೀಕ್ಷೆಯಲ್ಲ.

ಅರ್ಧಕ್ಕೆ ನಿಲ್ಲಿಸಿದ ಸಂದೇಶ ನಮ್ಮ ಲಾಗ್‌ನಲ್ಲಿ ದಾಖಲಾಗುತ್ತಿರಲಿಲ್ಲ. ಒಂದೇ ಸಲ ಕೇಳಿದ್ದನ್ನು ಪೆಟ್ಟಿಗೆಗಳು ನಂಬುತ್ತಿರಲಿಲ್ಲ. ಆದ್ದರಿಂದ ಅದು ಎಲ್ಲಿಯೂ ನಡೆದಿರಲಿಲ್ಲ, ಈ ಹಾಲ್‌ನ ಕಂಪ್ಯೂಟರಿನಲ್ಲಿ ಬಿಟ್ಟು.

ಸಂದೇಶ ನಿಲ್ಲಿಸಿದರೂ ನಮ್ಮ ಟ್ರಾನ್ಸ್‌ಮಿಟರ್ ಎರಡು ಮೂರು ಸೆಕೆಂಡು ತೆರೆದೇ ಇರುತ್ತಿತ್ತು, ಮೈಕಿನ ಸಮೇತ. ಆ ಎರಡು ಮೂರು ಸೆಕೆಂಡಿನಲ್ಲಿ ಹಿಂದೆ ಮಳೆಯ ಮೊರೆತ, ಅದರ ಮೇಲೆ ಒಂದು ಹೆಂಗಸಿನ ದನಿ.

"ಜೆ.ಪಿ. ನಗರಾನೂ ಸೇರಿಸ್ಬೇಕು. ಏಳು ನಂಜುಂಡ, ನಾನ್ ಮಾಡ್ತೀನಿ."

ವೆಂಕಟೇಶಯ್ಯನವರು ನನ್ನ ಮುಖ ನೋಡಲಿಲ್ಲ. ಪರದೆಯನ್ನೇ ನೋಡುತ್ತಿದ್ದರು. ಮೂರು ನಿಮಿಷದ ನೀಲಿ ಹಾಗೇ ಸರಿಯಿತು. ಆಮೇಲೆ ಮೂರು ಸಲ ಚಿರ್ರ್, ಪೂರ್ತಿ, ಸ್ಪಷ್ಟವಾಗಿ. ಬಗೆ: ಪರೀಕ್ಷೆ.

"ಇನ್ನೊಂದ್ಸಲ ಹಾಕ್ಲಾ ಮೇಡಂ?"

"ಬೇಡ."

ಇಷ್ಟು ವರ್ಷ ನನ್ನ ತಲೆಯಲ್ಲಿ ಒಂದು ಚಿತ್ರವಿತ್ತು: ಕುರ್ಚಿಯ ಹಿಂದೆ ನಾನು ನಿಂತಿದ್ದೇನೆ, ನಂಜುಂಡನ ಬೆರಳು ಎಂಟರ್ ಕೀಲಿಯ ಮೇಲಿದೆ. ಆ ಬೆರಳಿನ ಉಗುರೂ ಕಾಣುತ್ತಿತ್ತು. ಅದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಅವನ ಬೆರಳೇ ಕಾಣುತ್ತದೆ, ನನ್ನದಲ್ಲ. ಸುಳ್ಳೆಂದು ಗೊತ್ತಾದ ಮೇಲೂ ನೆನಪು ಅಳಿಸಿಹೋಗುವುದಿಲ್ಲ ಎಂಬುದನ್ನು ಈ ವಯಸ್ಸಿನಲ್ಲಿ ಕಲಿತೆ.

ಡೈರಿ ಹೇಗೆ ತಪ್ಪಿತು ಎಂದು ಎರಡು ದಿನ ಯೋಚಿಸಿದೆ. ಒಂದು ಎಳೆ ಮಾತ್ರ ಸಿಕ್ಕಿದೆ. ಜಯಮ್ಮನವರ ಫೋನ್ ಇಟ್ಟ ಕೂಡಲೇ ಬಸವರಾಜು ಸಾರ್ ಬಂದು, "ಸೀಟಲ್ಲಿ ಯಾರಿದ್ರು?" ಎಂದು ಕೇಳಿದರು. ನಾನು, "ನಂಜುಂಡನ ಡ್ಯೂಟಿ ಸಾರ್" ಎಂದೆ. ಅದು ಸುಳ್ಳಲ್ಲ. ಡ್ಯೂಟಿ ಅವನದೇ. ಕೇಳಿದ್ದಕ್ಕೆ ಮಾತ್ರ ಅದು ಉತ್ತರವಾಗಿರಲಿಲ್ಲ. ಮನೆಗೆ ಬಂದು ಡೈರಿ ತೆರೆಯುವ ಹೊತ್ತಿಗೆ ಆ ಉತ್ತರವೇ ಘಟನೆಯಾಗಿ ಕುಳಿತಿತ್ತು. ಇದು ವಿವರಣೆಯೋ, ಇನ್ನೊಂದು ನೆಪವೋ, ಖಚಿತವಾಗಿ ಹೇಳಲಾರೆ.

ನಂಜುಂಡ ಈಗ ಬನಶಂಕರಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಸಿ.ಸಿ. ಕ್ಯಾಮೆರಾ ಹಾಕಿಕೊಡುವ ಅಂಗಡಿ ಇಟ್ಟಿದ್ದಾನೆ. ತಲೆ ನರೆತಿದೆ. ನನ್ನನ್ನು ಕಂಡು ಎದ್ದು ನಿಂತು ಸ್ಟೂಲ್ ಒರೆಸಿದ. ನಾನು ಕೂರದೆ, ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಗೊತ್ತು ಮೇಡಂ," ಎಂದ. "ನಾನೂ ಅಲ್ಲೇ ಇದ್ನಲ್ಲ."

"ಯಾಕೆ ಹೇಳಲಿಲ್ಲ?"

"ಹೇಳ್ದೆ. ಬಸವರಾಜು ಸಾರ್‌ಗೆ ಹೇಳ್ದೆ. ಲಾಗ್ ತೋರ್ಸು ಅಂದ್ರು. ಲಾಗಲ್ಲಿ ಒಂದೇ ಇತ್ತು. ಮೇಡಂನ ಕೇಳಿ ಸಾರ್, ಅವ್ರು ಸುಳ್ಳು ಹೇಳೋರಲ್ಲ ಅಂದೆ."

ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತ ತಿರುವು ತೆಗೆದುಕೊಳ್ಳುತ್ತಿತ್ತು. ಅವನು ಅದು ಹೋಗುವವರೆಗೆ ಕಾದ.

"ಈ ಅಂಗಡಿ ಯಾಕಿಟ್ಟೆ ಅಂದ್ಕೊಂಡ್ರಿ? ನಮ್ ರೂಮಲ್ಲಿ ಒಂದು ಕ್ಯಾಮ್ರಾ ಇದ್ದಿದ್ರೆ ಅಂತ ಯೋಚ್ನೆ ಮಾಡ್ತಾ ಮಾಡ್ತಾ ಇದೇ ಕೆಲ್ಸ ಆಯ್ತು." ನಕ್ಕ.

"ನನ್ನಿಂದ ದೊಡ್ಡ ತಪ್ಪಾಯ್ತು ನಂಜುಂಡ. ಕ್ಷಮಿಸಿ ಅಂತ..."

"ಏನ್ ಮೇಡಂ, ನನಗೆ ಬಹುವಚನನಾ? ಸಾರಿ ಎಲ್ಲಾ ಬೇಡ. ಕಾಗ್ದ ಬೇಕು." ಡ್ರಾಯರ್‌ನಿಂದ ಒಂದು ಕರೆಪತ್ರ ತೆಗೆದು ಮೇಜಿನ ಮೇಲಿಟ್ಟ. ನಮ್ಮ ಕೇಂದ್ರವೇ ಅನುಭವಿ ಆಪರೇಟರುಗಳನ್ನು ತೆಗೆದುಕೊಳ್ಳುತ್ತಿದೆ. ಬರುವ ಬುಧವಾರ ಹನ್ನೊಂದಕ್ಕೆ ಸಂದರ್ಶನ. "ಎರಡು ಸಲ ಬೇರೆ ಕಡೆ ಹೋದೆ. ಹಳೇ ಫೈಲ್ ತರ್ಸ್ತಾರೆ, ನಿಮ್ ಹೇಳಿಕೆ ಓದ್ತಾರೆ, ಆಯ್ತು ಹೋಗಿ ಅಂತಾರೆ. ವಯಸ್ಸಿನ ಲೆಕ್ಕದಲ್ಲಿ ಇದೇ ಕಡೇದು. ಕೆಲ್ಸ ಕೊಡ್ತಾರೋ ಬಿಡ್ತಾರೋ. ಆ ಫೈಲಲ್ಲಿ ಇನ್ನೊಂದು ಹಾಳೆ ಇರ್ಬೇಕು."

"ಇವತ್ತೇ ಬರೀತೀನಿ."

"ಬರೀರಿ. ಕಳ್ಸೋಕ್ ಮುಂಚೆ ನಂಗೊಂದ್ಸಲ ತೋರ್ಸಿ. ತಪ್ಪು ತಿಳ್ಕೋಬೇಡಿ."

ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತೆ. ನನ್ನ ಹಳೆಯ ಹೇಳಿಕೆಯ ಪ್ರತಿ ಅದರಲ್ಲಿತ್ತು. ಅದನ್ನು ತೆರೆದೆ. ತಾರೀಖು ಬದಲಿಸಿದೆ. 'ನಂಜುಂಡ ಅವರು' ಎಂದಿದ್ದ ಕಡೆಯೆಲ್ಲ 'ನಾನು' ಎಂದು ಹಾಕಿದೆ, ಕ್ರಿಯಾಪದಗಳನ್ನು ಸರಿಮಾಡಿದೆ, ಧ್ವನಿಮುದ್ರಣದ ವಿಷಯ ಸೇರಿಸಿದೆ. ಅರ್ಧ ಗಂಟೆ ಹಿಡಿಯಿತು. ಚೆನ್ನಾಗಿ ಬಂತು ಎನಿಸಿತು. ನಂಜುಂಡನಿಗೆ ಕಳಿಸಲು ಫೋಟೋ ತೆಗೆಯಬೇಕೆಂದು ಪರದೆಯನ್ನು ಮೇಲಕ್ಕೆ ಸರಿಸಿದಾಗ ಮೊದಲ ಸಾಲು ಕಂಡಿತು.

'ವಿಷಯ: ಆಪರೇಟರ್ ನಂಜುಂಡ ಅವರ ನಿರ್ಲಕ್ಷ್ಯದ ಬಗ್ಗೆ.'

ಕೈ ಕೀಲಿಮಣೆಯ ಮೇಲಿಂದ ತೆಗೆದೆ. ಆ ಫೈಲನ್ನು ಉಳಿಸದೆ ಮುಚ್ಚಿದೆ. ಬಿಳಿ ಹಾಳೆ, ಪೆನ್ನು ತೆಗೆದುಕೊಂಡು ಮೊದಲು ವಿಷಯದ ಸಾಲನ್ನು ಬರೆದೆ: ಆ ಸಂಜೆ ಸಂದೇಶವನ್ನು ನಿಲ್ಲಿಸಿದವಳೂ ತಪ್ಪು ಹೆಡರ್‌ನಲ್ಲಿ ಕಳಿಸಿದವಳೂ ನಾನೇ ಎಂಬ ಬಗ್ಗೆ. ಉಳಿದದ್ದು ಹನ್ನೊಂದು ಸಾಲಿನಲ್ಲಿ ಮುಗಿಯಿತು. ಸಹಿ ಹಾಕಿ, ಫೋಟೋ ತೆಗೆದು ನಂಜುಂಡನಿಗೆ ಕಳಿಸಿದೆ.

ಓದಿದ ಗುರುತು ಬಂತು. ಉತ್ತರ ಬರಲು ಬಹಳ ಹೊತ್ತಾಯಿತು.

'ಹೆಡರ್ ಸರಿ ಇದೆ ಮೇಡಂ. ಕಳ್ಸಿ.'